ಒಂದು ಮೀಟರು, ಅರ್ಧ ಗಂಟೆ

ಆಟಿ ತಿಂಗಳ ಮಳೆಗೆ ಕೊಡೆ ಸಾಲದು ಎಂಬುದು ಕಾಸರಗೋಡಿನ ಶಾಲಾಮಕ್ಕಳಿಗೆ ಯಾರೂ ಕಲಿಸಬೇಕಾದ ಪಾಠವಲ್ಲ. ವರ್ಷಕ್ಕೆ ಸುಮಾರು 3,500 ಮಿಲ್ಲಿಮೀಟರ್ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲೇ ಬೀಳುತ್ತದೆ. ತೋಡು ದಾಟಲು ಅಡಕೆಮರದ ಸಂಕ, ಅದರಾಚೆ ಗುಡ್ಡದ ದಾರಿ, ಆಮೇಲೆ ಬಸ್ಸು. ಹೀಗೆ ಶಾಲೆ ಸೇರುವ ಒಂಬತ್ತನೆಯ ತರಗತಿಯ ಹುಡುಗನೊಬ್ಬನ ಚೀಲದಲ್ಲಿ ಪುಸ್ತಕಗಳಿಗಿಂತ ಹೆಚ್ಚಿನ ಜೋಪಾನ ಬೇಡುವ ವಸ್ತುವೊಂದಿತ್ತು. ಅದು ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಮ್ಯೂಸಿಕ್ ಪ್ಲೇಯರ್.

ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. ಹುಡುಗನ ಶಾಲೆಯ ತಂಡ ಮಳೆಗಾಲದಲ್ಲೇ ಅಭ್ಯಾಸಕ್ಕೆ ತೊಡಗಿತ್ತು. ಅವನಿಗೆ ಮೊದಲು ಪಾಠ ಹೇಳಿದ ಹಿರಿಯ ಭಾಗವತರು ಈಗ ಹಾಡುವುದಿಲ್ಲ, ಕಂಠ ಸಹಕರಿಸುತ್ತಿಲ್ಲ. ಚಾವಡಿಯಲ್ಲಿ ಕುಳಿತು ತಾಳ ಹಾಕುತ್ತಾ ಅವರು ಹೇಳಿಕೊಟ್ಟ ಪದ್ಯಗಳ ಧ್ವನಿಮುದ್ರಣ ಆ ಪುಟ್ಟ ಯಂತ್ರದೊಳಗಿತ್ತು, ಬೇರೆಲ್ಲಿಯೂ ಇರಲಿಲ್ಲ. ಶಾಲೆಗೆ ಮೊಬೈಲು ಒಯ್ಯುವಂತಿಲ್ಲವಾದ ಕಾರಣ ಅಧ್ಯಾಪಕರ ಅನುಮತಿಯಿಂದ ಪ್ಲೇಯರ್ ಒಯ್ಯುತ್ತಿದ್ದ. ಅದಕ್ಕೆಂದೇ ಮನೆಯವರು ಆನ್‌ಲೈನ್ ಅಂಗಡಿಯೊಂದರಿಂದ ವಾಟರ್‌ಪ್ರೂಫ್ ಕೇಸ್ ತರಿಸಿದರು. ಪಾರದರ್ಶಕವಾದ ಗಟ್ಟಿ ಮುಚ್ಚಳ, ಅಂಚಿನಲ್ಲಿ ರಬ್ಬರಿನ ಉಂಗುರ, ಒತ್ತಿ ಹಾಕುವ ಕೊಂಡಿ, ಇಯರ್‌ಫೋನ್ ಸಿಕ್ಕಿಸಲು ಬದಿಯಲ್ಲೊಂದು ರಂಧ್ರ. ಬೆಲೆ ಆರುನೂರು ರೂಪಾಯಿಯ ಆಸುಪಾಸು.

ಹುಡುಗ ಪ್ಲೇಯರನ್ನು ಒಳಗಿಟ್ಟು ಬಾಲ್ದಿಯ ನೀರಿಗೆ ಇಳಿಸುವುದರಲ್ಲಿದ್ದ. ಅಜ್ಜ ತಡೆದರು.

“ಮಾಣಿ, ಅದನ್ನು ಹೊರಗೆ ತೆಗೆ. ಬರಿ ಪೆಟ್ಟಿಗೆಯನ್ನು ಮುಳುಗಿಸು.”

“ಅಜ್ಜಾ, ನೂರಕ್ಕೆ ನೂರು ವಾಟರ್‌ಪ್ರೂಫ್ ಎಂದು ಬರೆದಿದ್ದಾರಲ್ಲ!”

“ಬರೆದವನು ನಮ್ಮ ಕೆರೆ ನೋಡಿದ್ದಾನೆಯೇ? ಕೆಳಗೆ ಸಣ್ಣಕ್ಕೆ ಏನೋ ಉಂಟು, ಓದು.”

ನಲವತ್ತು ವರ್ಷ ತೋಟದ ಪಂಪಿನ ವಾಷರ್, ಫುಟ್‌ವಾಲ್ವ್‌ಗಳೊಡನೆ ಗುದ್ದಾಡಿದವರಿಗೆ ‘ನೀರು ಹೋಗುವುದಿಲ್ಲ’ ಎಂಬ ಮಾತಿನ ಮೇಲೆ ಅಷ್ಟು ಸುಲಭವಾಗಿ ವಿಶ್ವಾಸ ಹುಟ್ಟುವುದಿಲ್ಲ. ದೊಡ್ಡ ಅಕ್ಷರಗಳ ಕೆಳಗೆ ಇರುವೆಯಂತಹ ಅಕ್ಷರಗಳಲ್ಲಿ ಹುಡುಗನಿಗೆ ಕಂಡದ್ದು ‘ಐಪಿಎಕ್ಸ್7’ ಎಂಬ ಸಂಕೇತ, ಮತ್ತು ‘ಪ್ರಯೋಗಾಲಯದಲ್ಲಿ ಸಿಹಿನೀರಿನಲ್ಲಿ ಪರೀಕ್ಷಿಸಲಾಗಿದೆ’ ಎಂಬರ್ಥದ ಒಂದು ಇಂಗ್ಲಿಷ್ ವಾಕ್ಯ.

ಈ ಸಂಕೇತ ಐಇಸಿ 60529 ಎಂಬ ಅಂತರರಾಷ್ಟ್ರೀಯ ಮಾನಕದ್ದು. ಭಾರತವೂ ಅದನ್ನು ಐಎಸ್/ಐಇಸಿ 60529 ಎಂದು ಅಂಗೀಕರಿಸಿದೆ. ಐಪಿ ಅಕ್ಷರಗಳ ನಂತರದ ಮೊದಲ ಸ್ಥಾನ ಧೂಳಿಗೆ ಸಂಬಂಧಿಸಿದ್ದು, ಎರಡನೆಯದು ನೀರಿಗೆ. ಎಕ್ಸ್ ಎಂದಿದ್ದರೆ ಧೂಳಿನ ಬಗ್ಗೆ ಏನನ್ನೂ ಹೇಳಿಲ್ಲ ಎಂದರ್ಥ. 7 ಎಂದರೆ ವಸ್ತುವನ್ನು 1 ಮೀಟರ್ ಆಳದಲ್ಲಿ 30 ನಿಮಿಷ ಮುಳುಗಿಸಿಟ್ಟಾಗ ಹಾನಿಯುಂಟುಮಾಡುವಷ್ಟು ನೀರು ಒಳಹೋಗಬಾರದು. ಒಂದು ಹನಿಯೂ ಹೋಗಬಾರದೆಂದು ಮಾನಕ ಹೇಳುವುದಿಲ್ಲ. ‘ಹಾನಿಯುಂಟುಮಾಡುವಷ್ಟು’ ಎಂಬ ಒಂದು ಪದದಲ್ಲಿ ವಕೀಲರಿಬ್ಬರು ಒಂದು ಮಧ್ಯಾಹ್ನವಿಡೀ ವಾದಿಸುವಷ್ಟು ಜಾಗವಿದೆ. ಅದಕ್ಕಿಂತ ಮುಖ್ಯವಾದ ಷರತ್ತು ಇನ್ನೊಂದು: ಪರೀಕ್ಷೆಯಲ್ಲಿ ನೀರಿನ ಉಷ್ಣತೆಗೂ ವಸ್ತುವಿನ ಉಷ್ಣತೆಗೂ 5 ಡಿಗ್ರಿಗಿಂತ ಹೆಚ್ಚಿನ ಅಂತರವಿರಕೂಡದು.

ಬಿಸಿಲಿಗೆ ಕಾದ ಬಸ್ಸಿನ ಕಿಟಕಿಯ ಬಳಿ ಇದ್ದ ಪೆಟ್ಟಿಗೆ ಹಠಾತ್ತನೆ ತೋಡಿನ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ತಣಿದು ಕುಗ್ಗುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ, ರಬ್ಬರಿನಲ್ಲಿ ಕೂದಲೆಳೆಯಷ್ಟು ಸಂದಿ ಇದ್ದರೂ ನೀರು ಒಳಕ್ಕೆ ಎಳೆಯಲ್ಪಡುತ್ತದೆ. ಪ್ರಯೋಗಾಲಯದಲ್ಲಿ ಇದು ನಡೆಯುವುದಿಲ್ಲ. ಸಂಕದ ಮೇಲೆ ಕಾಲು ಜಾರಿದಾಗ ನಡೆಯುತ್ತದೆ. ಹಾಗೆಯೇ 7ರಲ್ಲಿ ತೇರ್ಗಡೆಯಾದದ್ದು 5ರಲ್ಲಿಯೂ ತೇರ್ಗಡೆಯಾಯಿತೆಂದು ಭಾವಿಸುವಂತಿಲ್ಲ. 5 ಎಂದರೆ ಕೊಳವೆಯಿಂದ ಚಿಮ್ಮುವ ನೀರಿನ ಪರೀಕ್ಷೆ, ಅದು ಬೇರೆಯೇ. ಎರಡನ್ನೂ ಗೆದ್ದ ವಸ್ತುವಾದರೆ ಅದರ ಮೇಲೆ ಎರಡು ಸಂಕೇತಗಳೂ ಇರುತ್ತವೆ.

ಅಜ್ಜ-ಮೊಮ್ಮಗನ ಪರೀಕ್ಷೆ ಮೂರು ದಿನ ನಡೆಯಿತು.

ಟಿಶ್ಯೂ ಕಾಗದದ ಹಾಳೆಯೊಂದರ ನಾಲ್ಕು ಮೂಲೆಗಳಲ್ಲಿಯೂ ನಡುವಿನಲ್ಲಿಯೂ ಹುಡುಗ ನೀರಿಗೆ ಕರಗುವ ಸ್ಕೆಚ್ ಪೆನ್ನಿನಿಂದ ಚುಕ್ಕೆ ಇಟ್ಟ. ಒಂದು ಹನಿ ತಾಗಿದರೂ ಚುಕ್ಕೆ ಹರಡುತ್ತದೆ, ಮತ್ತು ಯಾವ ಮೂಲೆಯ ಚುಕ್ಕೆ ಹರಡಿತೆಂಬುದರಿಂದ ನೀರು ಬಂದ ದಾರಿಯೂ ತಿಳಿಯುತ್ತದೆ. ಮ್ಯೂಸಿಕ್ ಪ್ಲೇಯರಿನ ಬದಲು ಅಷ್ಟೇ ಗಾತ್ರದ ಮರದ ತುಂಡನ್ನು ಒಳಗಿಟ್ಟರು. ಗಾಳಿ ತುಂಬಿದ ಪೆಟ್ಟಿಗೆ ತೇಲುವುದರಿಂದ ಹೊರಗಿನಿಂದ ಕಬ್ಬಿಣದ ಪಡಿಕಲ್ಲೊಂದನ್ನು ಕಟ್ಟಿದರು. ಬಾಲ್ದಿಯಲ್ಲಿ ಅರ್ಧ ಗಂಟೆ ಇಟ್ಟು ತೆಗೆದರು. ತೆರೆಯುವ ಮುನ್ನ ಹೊರಮೈಯನ್ನು, ವಿಶೇಷವಾಗಿ ಕೊಂಡಿಯ ಸಂದನ್ನು, ಒಣಬಟ್ಟೆಯಿಂದ ಒರೆಸಬೇಕು. ಇಲ್ಲದಿದ್ದರೆ ತೆರೆಯುವಾಗ ಸುರಿದ ಹನಿಯನ್ನೇ ಸೋರಿಕೆಯೆಂದು ಭ್ರಮಿಸಿ ನಿರಪರಾಧಿಗೆ ಶಿಕ್ಷೆ ವಿಧಿಸಿದಂತಾಗುತ್ತದೆ. ಐದೂ ಚುಕ್ಕೆಗಳು ಇಟ್ಟಂತೆಯೇ ಇದ್ದವು.

ಹುಡುಗ ಕುಣಿದಾಡಿದ. ಆದರೆ ಬಾಲ್ದಿಯ ನೀರು ಮೂವತ್ತು ಸೆಂಟಿಮೀಟರ್ ಆಳ. ನೀರಿನ ಒತ್ತಡ ಆಳದೊಂದಿಗೆ ಏರುತ್ತದೆ: 1 ಮೀಟರ್ ಆಳದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ನೂರು ಗ್ರಾಮಿನಷ್ಟು. 10 ಸೆಂಟಿಮೀಟರ್ ಉದ್ದ, 6 ಸೆಂಟಿಮೀಟರ್ ಅಗಲದ ಮುಚ್ಚಳದ ಮೇಲೆ ಅದು 6 ಕಿಲೋ ಭಾರ. ಬಾಲ್ದಿಯ ತಳದಲ್ಲಾದರೆ 2 ಕಿಲೋ ಕೂಡ ಆಗದು. ಎರಡನೆಯ ದಿನ ಅಜ್ಜ ಹಗ್ಗದಲ್ಲಿ ಒಂದು ಮೀಟರಿಗೆ ಗಂಟು ಹಾಕಿ ಪೆಟ್ಟಿಗೆಯನ್ನು ತೋಟದ ಕೆರೆಗೆ ಇಳಿಬಿಟ್ಟರು. ಮಳೆಗಾಲದ ಕೆರೆಯ ಅಂಚಿಗೆ ಮಾಣಿಯನ್ನು ಬಿಡಲಿಲ್ಲ. ಗಡಿಯಾರ ನೋಡುವ ಕೆಲಸ ಮಾತ್ರ ಅವನದು. ಅರ್ಧ ಗಂಟೆಯ ನಂತರವೂ ಕಾಗದ ಒಣಗಿಯೇ ಇತ್ತು. ಹೀಗಾಗುವುದಕ್ಕೆ ಒಂದು ಕಾರಣವೂ ಇದೆ. ಆಳದ ಒತ್ತಡ ಮುಚ್ಚಳವನ್ನು ರಬ್ಬರಿನ ಮೇಲೆ ಇನ್ನಷ್ಟು ಅದುಮುತ್ತದೆ. ಡೆನ್ಮಾರ್ಕ್ ಮೂಲದ ನೀಲ್ಸ್ ಕ್ರಿಸ್ಟೆನ್‌ಸೆನ್ ಎಂಬವರು 1939ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಓ-ರಿಂಗ್ ಎಂಬ ರಬ್ಬರ್ ಉಂಗುರದ ಗುಟ್ಟೂ ಇದರ ಹತ್ತಿರದ್ದೇ: ಒತ್ತಿದಷ್ಟೂ ಅದು ತನ್ನ ಗಾಡಿಯಲ್ಲಿ ಬಿಗಿಯಾಗಿ ಕುಳಿತುಕೊಳ್ಳುತ್ತದೆ.

ಮೂರನೆಯ ದಿನದ ಪರೀಕ್ಷೆಗಳೇ ಸ್ವಾರಸ್ಯದವು. ಮೊದಲು ಅಜ್ಜ ಉಂಗುರದ ಮೇಲೆ ಅಡಕೆಸಿಪ್ಪೆಯ ಒಂದು ನಾರನ್ನು ಬೇಕೆಂದೇ ಇಟ್ಟು ಮುಚ್ಚಿ ಬಾಲ್ದಿಗೆ ಹಾಕಿದರು. ಐದು ನಿಮಿಷದಲ್ಲಿ ಕಾಗದ ಮುದ್ದೆಯಾಯಿತು. ನಾರು ತೆಗೆದು ಒರೆಸಿ ಮುಚ್ಚಿದಾಗ ಪುನಃ ಒಣಗಿಯೇ ಉಳಿಯಿತು. ಅನಂತರ ಇಯರ್‌ಫೋನನ್ನು ಹೊರಗಿನ ರಂಧ್ರಕ್ಕೆ ಸಿಕ್ಕಿಸಿ, ನಡೆಯುವಾಗ ಅಲುಗುವಂತೆ ತಂತಿಯನ್ನು ಮೆಲ್ಲನೆ ಅಲ್ಲಾಡಿಸುತ್ತಾ ಬಾಲ್ದಿಯಲ್ಲೇ ಇಟ್ಟರು. ಹತ್ತು ನಿಮಿಷಕ್ಕೆ ರಂಧ್ರದ ಬಳಿಯ ಚುಕ್ಕೆ ನೀಲಿ ಹೂವಿನಂತೆ ಅರಳಿತು. ಮರುದಿನ ಹೊಸ ಕಾಗದದೊಡನೆ ಎರಡು ಸಲ ಮಾಡಿ ನೋಡಿದರೂ ಅದೇ ಚುಕ್ಕೆ, ಅದೇ ಮೂಲೆ.

ಹಾಡು ಕೇಳಿಸುವುದಕ್ಕಾಗಿ ಹುಟ್ಟಿದ ಯಂತ್ರಕ್ಕೆ ಕವಚ ತೊಡಿಸುವವರ ಹಳೆಯ ತಲೆನೋವೇ ಇದು. 1979ರಲ್ಲಿ ಸೋನಿ ವಾಕ್‌ಮ್ಯಾನ್ ಬಂದ ಕೆಲವೇ ವರ್ಷಗಳಲ್ಲಿ ಅದೇ ಕಂಪನಿ ನೀರು ಚಿಮ್ಮಿದರೂ ತಡೆಯುವ ಹಳದಿ ಬಣ್ಣದ ಮಾದರಿಯನ್ನು ತಂದಿತು. 2001ರ ಐಪಾಡಿನ ನಂತರ ಅದನ್ನು ಈಜುಕೊಳಕ್ಕೂ ಒಯ್ಯಬಲ್ಲ ಕೇಸ್‌ಗಳು ಮಾರುಕಟ್ಟೆಗೆ ಬಂದವು. ಪೆಟ್ಟಿಗೆಯನ್ನು ಎಷ್ಟೇ ಭದ್ರವಾಗಿ ಮುಚ್ಚಿದರೂ ಧ್ವನಿ ಹೊರಬರಲು ದಾರಿಯೊಂದು ಬೇಕು. ಧ್ವನಿ ಬರುವ ದಾರಿಯಲ್ಲಿ ನೀರು ಹೋಗಬಾರದು.

ಕಾನೂನಿನ ದೃಷ್ಟಿಯಲ್ಲಿ ಮೂರನೆಯ ದಿನದ ಎರಡು ಸೋರಿಕೆಗಳು ಒಂದೇ ಅಲ್ಲ. ನಾರಿನಿಂದಾದ ಸೋರಿಕೆ ಬಳಸಿದವರ ಅಜಾಗ್ರತೆಯದು. ಅದಕ್ಕೆ ಮಾರಿದವನನ್ನು ದೂರುವಂತಿಲ್ಲ. ಇಯರ್‌ಫೋನಿಗೆಂದೇ ಕೊಟ್ಟ ರಂಧ್ರದಲ್ಲಿ ಇಯರ್‌ಫೋನ್ ಹಾಕಿದಾಗ ಸೋರಿದರೆ ಅದು ವಸ್ತುವಿನ ದೋಷ, ಮತ್ತು ‘ನೂರಕ್ಕೆ ನೂರು’ ಎಂಬ ಘೋಷಣೆ ದಾರಿತಪ್ಪಿಸುವ ಜಾಹೀರಾತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಎರಡನ್ನೂ ಹೆಸರಿಸಿದೆ. ಕೇಸ್ ಸೋರಿ ಒಳಗಿನ ಪ್ಲೇಯರ್ ಹಾಳಾದರೆ ಆ ನಷ್ಟವನ್ನೂ ಕೇಳಬಹುದು. ಜಾಹೀರಾತು ತಡೆಗೆಂದು 2022ರಲ್ಲಿ ಹೊರಟ ಮಾರ್ಗಸೂಚಿಯಂತೆ, ದೊಡ್ಡ ಅಕ್ಷರದ ಭರವಸೆಯನ್ನು ಸಣ್ಣ ಅಕ್ಷರದ ಷರತ್ತು ಅಲ್ಲಗಳೆಯಕೂಡದು, ಮತ್ತು ಷರತ್ತು ಭರವಸೆಯ ಭಾಷೆಯಲ್ಲೇ ಇರಬೇಕು.

ಭಾಷೆಯ ಮಾತು ಬಂದಲ್ಲಿ ಗಡಿನಾಡಿನವರು ಇನ್ನೊಂದು ನಿಯಮವನ್ನೂ ತಿಳಿದಿರಬೇಕು. ಪೊಟ್ಟಣದ ಮೇಲಿನ ಕಡ್ಡಾಯ ವಿವರಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿದ್ದರೆ ಸಾಕೆಂದು 2011ರ ಪೊಟ್ಟಣ ವಸ್ತುಗಳ ನಿಯಮ ಹೇಳುತ್ತದೆ. ಬೇರೆ ಭಾಷೆಗಳನ್ನು ಜೊತೆಗೆ ಸೇರಿಸಿದರೆ ಅಡ್ಡಿಯಿಲ್ಲ ಅಷ್ಟೇ. ಕನ್ನಡವಾಗಲಿ ಮಲೆಯಾಳವಾಗಲಿ ಅಲ್ಲಿ ಕಾಣುವುದು ಅಪರೂಪ. ಆದುದರಿಂದ ಅನೇಕ ಮನೆಗಳಲ್ಲಿ ಆ ಸಣ್ಣ ಅಕ್ಷರಗಳನ್ನು ಓದಿ ಹೇಳುವ ಹೊಣೆ ಕನ್ನಡ ಶಾಲೆಗೆ ಹೋಗುವ ಮಗುವಿನ ಇಂಗ್ಲಿಷಿನ ಮೇಲೆಯೇ ಬೀಳುತ್ತದೆ. ಮಗು ಓದಿದ್ದನ್ನು ಕೇಳಿಸಿಕೊಳ್ಳುವ ತಾಳ್ಮೆ ಹಿರಿಯರಿಗಿರಬೇಕು.

ಇಂಥ ಘೋಷಣೆ ಚಿಲ್ಲರೆ ಅಂಗಡಿಗಳ ರೋಗ ಮಾತ್ರವಲ್ಲ. ಗ್ಯಾಲಕ್ಸಿ ಫೋನುಗಳನ್ನು ಈಜುಕೊಳದಲ್ಲಿಯೂ ಸಮುದ್ರದಲ್ಲಿಯೂ ಬಳಸಬಹುದೆಂಬ ಭಾವನೆ ಹುಟ್ಟಿಸಿದ ಜಾಹೀರಾತುಗಳಿಗಾಗಿ ಸ್ಯಾಮ್‌ಸಂಗಿನ ಆಸ್ಟ್ರೇಲಿಯಾ ಶಾಖೆಯ ಮೇಲೆ ಅಲ್ಲಿನ ಗ್ರಾಹಕ ಆಯೋಗ 2019ರಲ್ಲಿ ದಾವೆ ಹೂಡಿತು. 2022ರ ಜೂನ್‌ನಲ್ಲಿ ಫೆಡರಲ್ ನ್ಯಾಯಾಲಯ 1.4 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಅಲ್ಲಿಯೂ ದುರ್ಬಲ ಸ್ಥಳ ಒಂದು ರಂಧ್ರವೇ: ಒದ್ದೆಯಿರುವಾಗ ಚಾರ್ಜ್ ಮಾಡಿದರೆ ಚಾರ್ಜಿಂಗ್ ರಂಧ್ರ ತುಕ್ಕು ಹಿಡಿದು ಫೋನು ನಿಷ್ಪ್ರಯೋಜಕವಾಗುವ ಸಂಭವವಿತ್ತು.

ಆರುನೂರು ರೂಪಾಯಿಗೆ ಯಾರು ಕಚೇರಿ ಅಲೆಯುತ್ತಾರೆ ಎಂಬ ಪ್ರಶ್ನೆ ಸಹಜ. ಅಲೆಯಬೇಕಾದದ್ದು ಜನ ಭಾವಿಸಿದಷ್ಟಿಲ್ಲ. ಆನ್‌ಲೈನ್ ಅಂಗಡಿಯ ದೂರು ಅಧಿಕಾರಿ 48 ಗಂಟೆಗಳೊಳಗೆ ದೂರು ತಲಪಿದೆಯೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅದಾಗದಿದ್ದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಿದೆ. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಅದೂ ಫಲಿಸದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಮಾರಾಟಗಾರ ದೆಹಲಿಯಲ್ಲಿದ್ದರೂ ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಾಲಮಿತಿ ಎರಡು ವರ್ಷ. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ವಕೀಲರನ್ನು ಇಟ್ಟುಕೊಳ್ಳುವುದು ಕಡ್ಡಾಯವಲ್ಲ. ಕರಿಕೋಟಿನವರು ಇದನ್ನು ಗಟ್ಟಿಯಾಗಿ ಹೇಳುವುದು ಕಡಿಮೆ. ದೋಷವನ್ನು ಪರೀಕ್ಷೆಯಿಲ್ಲದೆ ನಿರ್ಧರಿಸಲಾಗದಿದ್ದರೆ ಆಯೋಗವೇ ಮಾದರಿಯನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳುಹಿಸಬಲ್ಲುದು.

ಮನೆಯ ಪರೀಕ್ಷೆ ಪ್ರಯೋಗಾಲಯದ ವರದಿಗೆ ಸಮವಲ್ಲ. ಆದರೂ ಅದರ ದಾಖಲೆಗೆ ಬೆಲೆಯಿದೆ. ಹುಡುಗ ವಿಜ್ಞಾನದ ರಫ್ ಪುಸ್ತಕದಲ್ಲಿ ದಿನಾಂಕ, ಹೊತ್ತು, ಆಳ, ಇಯರ್‌ಫೋನ್ ಇತ್ತೇ ಇಲ್ಲವೇ ಎಂದು ಸಾಲು ಎಳೆದು ಬರೆದಿದ್ದ. ನಾರು ಇಟ್ಟು ಮಾಡಿದ ಪರೀಕ್ಷೆಯನ್ನೂ ಬಚ್ಚಿಡದೆ ಬರೆದಿದ್ದ. ತನಗೆ ಪ್ರತಿಕೂಲವಾದದ್ದನ್ನೂ ದಾಖಲಿಸಿದವನ ಮಾತಿಗೆ ತೂಕ ಹೆಚ್ಚು. ಒಣಗಿದ ಕಾಗದಗಳನ್ನು ಅಂಟಿಸಿಟ್ಟಿದ್ದ. ಅಮ್ಮ ತನ್ನ ಮೊಬೈಲಿನಿಂದ ಆ ಪುಟ, ಬಿಲ್ಲು, ಪೊಟ್ಟಣದ ಎರಡೂ ಬದಿಗಳ ಚಿತ್ರ ತೆಗೆದು ಅಂಗಡಿಗೆ ಕಳುಹಿಸಿದರು.

ಈ ನಡುವೆ ಅಜ್ಜ ಕೇಳಿದ ಒಂದು ಪ್ರಶ್ನೆ ಎಲ್ಲರನ್ನೂ ಸುಮ್ಮನಾಗಿಸಿತ್ತು. ಪ್ಲೇಯರ್ ಹಾಳಾದರೆ ಅದರ ಬೆಲೆ ಬಂದೀತು. ಭಾಗವತರ ಧ್ವನಿಗೆ ಯಾವ ಆಯೋಗ ಎಷ್ಟು ಕೊಡಿಸುತ್ತದೆ? ಆ ಸಂಜೆಯೇ ಧ್ವನಿಮುದ್ರಣ ಅಮ್ಮನ ಮೊಬೈಲಿಗೂ, ಮರುದಿನ ಶಾಲೆಯ ಕಂಪ್ಯೂಟರಿಗೂ, ಪೆನ್‌ಡ್ರೈವೊಂದರಲ್ಲಿ ಭಾಗವತರ ಮನೆಗೂ ಹೋಯಿತು. ಭಾಗವತರು ಅದನ್ನು ಕೇಳಿ, ಒಂದು ಕಡೆ ತಾಳ ತಪ್ಪಿದೆ, ಅದನ್ನು ಮಾಣಿ ಕಲಿಯದಿರಲಿ ಎಂದು ಹೇಳಿ ಕಳುಹಿಸಿದರು.

ಹಣ ಹನ್ನೊಂದನೆಯ ದಿನ ಮರಳಿತು. ಅದರಿಂದ ಇಯರ್‌ಫೋನಿನ ರಂಧ್ರವೇ ಇಲ್ಲದ ಬೇರೊಂದು ಪೆಟ್ಟಿಗೆ ಬಂತು. ದಾರಿಯಲ್ಲಿ ಕೇಳಲಾಗದಿದ್ದರೂ ಶಾಲೆಯಲ್ಲಿ ತೆರೆದು ಕೇಳಬಹುದು. ಅದರ ಮೇಲೂ ದೊಡ್ಡ ಅಕ್ಷರದಲ್ಲಿ ಏನೋ ಬರೆದಿತ್ತು. ಹುಡುಗ ಅದನ್ನು ಓದದೆ ಕೆಳಗಿನ ಸಾಲು ಹುಡುಕಿದ, ಆಮೇಲೆ ಸ್ಕೆಚ್ ಪೆನ್ನು ತರಲು ಒಳಗೆ ಹೋದ.