ಜಾಲತಾಣದ ರೂಪಕ್ಕೂ ಒಂದು ಅಚ್ಚು ಇರಲಿ

ಉದ್ಯಮಕ್ಕೊಂದು ಜಾಲತಾಣ ಬೇಕೆಂಬುದನ್ನು ಅವಳಿ ನಗರದ ಅನೇಕ ವ್ಯಾಪಾರಸ್ಥರು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳು ಇಂದು ಒಪ್ಪಿಕೊಂಡಿದ್ದಾರೆ. ಇದು ಸ್ವಾಗತಾರ್ಹ. ಆದರೆ ಜಾಲತಾಣ ಮಾಡಿಸುವಾಗ ಸಾಮಾನ್ಯವಾಗಿ ವಿಚಾರಿಸುವುದು ದರ ಮತ್ತು ಅಂದವನ್ನು ಮಾತ್ರ. ಆ ಅಂದವನ್ನು ನಿಯಂತ್ರಿಸುವ ಕಡತ ಹೇಗೆ ರಚಿತವಾಗಿದೆ ಎಂದು ಕೇಳುವವರು ವಿರಳ. ಮುಂದೆ ತಗಲುವ ಖರ್ಚಿನ ಬಹುಪಾಲು ಈ ಪ್ರಶ್ನೆಯನ್ನೇ ಅವಲಂಬಿಸಿದೆ.

ಪ್ರತಿ ಜಾಲಪುಟದಲ್ಲಿಯೂ ಎರಡು ಅಂಶಗಳಿರುತ್ತವೆ. ಸರಕಿನ ಹೆಸರು, ದರ, ವಿಳಾಸ ಮುಂತಾದವು ವಿಷಯ. ಬಣ್ಣ, ಅಕ್ಷರದ ಗಾತ್ರ, ಗುಂಡಿಯ ಅಳತೆ ಮುಂತಾದವು ರೂಪ. ಇವೆರಡನ್ನೂ ಬೇರ್ಪಡಿಸಲೆಂದು ನಾರ್ವೆಯ ಹೋಕಾನ್ ವಿಯುಮ್ ಲೀ ಅವರು 1994ರಲ್ಲಿ ಸ್ಟೈಲ್‌ಶೀಟ್ ಪದ್ಧತಿಯೊಂದನ್ನು ಸೂಚಿಸಿದರು. 1996ರ ಡಿಸೆಂಬರ್‌ನಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ ಅದಕ್ಕೆ ಮಾನ್ಯತೆ ನೀಡಿತು. ಅದೇ ಇಂದಿನ ಸಿ.ಎಸ್.ಎಸ್.

ಗೋಕುಲ ರಸ್ತೆ, ತಾರಿಹಾಳದ ಉದ್ಯಮಿಗಳಿಗೆ ಈ ತತ್ವ ಹೊಸದಲ್ಲ. ಡೈ ಸರಿಯಾಗಿದ್ದರೆ ಸಾವಿರ ಬಿಡಿಭಾಗಗಳು ಒಂದೇ ಅಳತೆಯಲ್ಲಿ ಬರುತ್ತವೆ. ಸ್ಟೈಲ್‌ಶೀಟ್‌ನಿಂದ ಇನ್ನೂ ಒಂದು ಅನುಕೂಲವಿದೆ: ಅದನ್ನು ತಿದ್ದಿದರೆ ಹಿಂದೆ ತಯಾರಾದ ಪುಟಗಳ ರೂಪವೂ ಬದಲಾಗುತ್ತದೆ. ಇದಕ್ಕೆ ಬದಲಾಗಿ ಪ್ರತಿ ಪುಟದಲ್ಲಿ, ಪ್ರತಿ ಗುಂಡಿಗೆ ಬಣ್ಣ ಹಾಗೂ ಅಳತೆಗಳನ್ನು ಬೇರೆ ಬೇರೆ ಬರೆದಿದ್ದರೆ, ಸಣ್ಣ ಬದಲಾವಣೆಗೂ ಎಲ್ಲ ಪುಟಗಳನ್ನು ತಡಕಬೇಕು. ಅದರ ಕೂಲಿ ಮಾಲೀಕರ ಮೇಲೆಯೇ ಬೀಳುತ್ತದೆ. ಆದುದರಿಂದ ಖರೀದಿ ಗುಂಡಿ, ವಿಚಾರಣೆ ನಮೂನೆ, ದರಪಟ್ಟಿ ಇಂತಹ ಪ್ರತಿ ಘಟಕಕ್ಕೂ ಪ್ರತ್ಯೇಕ ಹೆಸರಿನ ನಿಯಮವಿರಬೇಕು. ಹಾಗಿಲ್ಲದಿದ್ದರೆ ಒಂದಕ್ಕೆಂದು ಬರೆದ ನಿಯಮವು ಮತ್ತೊಂದರ ರೂಪವನ್ನು ಕೆಡಿಸುವ ಸಂಭವವುಂಟು.

ಕನ್ನಡದ ಗ್ರಾಹಕರನ್ನು ಅವಲಂಬಿಸಿದ ನಮಗೆ ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಇಂಗ್ಲಿಷ್ ಅಕ್ಷರಗಳಿಗೆಂದು ಸಿದ್ಧಪಡಿಸಿದ ನಮೂನೆಗಳಲ್ಲಿ ಗುಂಡಿಯ ಎತ್ತರ ಮತ್ತು ಸಾಲುಗಳ ಅಂತರವನ್ನು ಬಿಗಿಯಾಗಿ ನಿಗದಿಪಡಿಸಿದ್ದರೆ, ಅಲ್ಲಿ ಕನ್ನಡ ಬರೆದಾಗ ಕೆಳಗಿಳಿಯುವ ಒತ್ತಕ್ಷರಗಳು ಅಂಚಿನಲ್ಲಿ ಕತ್ತರಿಸಿಹೋಗುತ್ತವೆ ಅಥವಾ ಕೆಳಗಿನ ಸಾಲಿಗೆ ತಾಗುತ್ತವೆ. ‘ಧಾರವಾಡ’ ಸರಿಯಾಗಿ ಕಾಣಬಹುದು. ‘ಹುಬ್ಬಳ್ಳಿ’ ಮಾತ್ರ ‘ಹುಬಳಿ’ಯಾಗಬಹುದು. ಅಕ್ಕಿ, ಬೆಲ್ಲ, ಹತ್ತಿ, ಎಣ್ಣೆ ಇವೆಲ್ಲವೂ ಒತ್ತಕ್ಷರವುಳ್ಳ ಸರಕುಗಳೇ ಅಲ್ಲವೇ? ಸರಕಿನ ಹೆಸರೇ ಸರಿಯಾಗಿ ಕಾಣದ ಅಂಗಡಿಯನ್ನು ಗ್ರಾಹಕನು ನಂಬುವುದಾದರೂ ಹೇಗೆ? ಪರಿಹಾರ ಕಷ್ಟವಲ್ಲ. ಗುಂಡಿಗೆ ಸ್ಥಿರ ಎತ್ತರದ ಬದಲು ಕನಿಷ್ಠ ಎತ್ತರವನ್ನು ಸೂಚಿಸಬೇಕು. ಸಾಲಿನ ಅಂತರವನ್ನು ಅಕ್ಷರದ ಗಾತ್ರದ ಸುಮಾರು ಒಂದೂವರೆ ಪಟ್ಟಿಗಿಂತ ಕಡಿಮೆ ಮಾಡಬಾರದು. ನೋಟೊ ಸಾನ್ಸ್ ಕನ್ನಡದಂತಹ ಮುಕ್ತ ಯೂನಿಕೋಡ್ ಅಕ್ಷರಶೈಲಿಯನ್ನು ಬಳಸಬೇಕು.

ಕಡಿಮೆ ದರದ ಸಿದ್ಧ ನಮೂನೆಗಳೇ ಸಾಕೆಂಬ ವಾದವೂ ಇದೆ. ಸಣ್ಣ ಅಂಗಡಿಗೆ ಅವು ಸಾಕಾಗಬಹುದು. ಅವುಗಳಿಗೆ ನಮ್ಮ ವಿರೋಧವಿಲ್ಲ. ಆದರೆ ಅವುಗಳನ್ನೂ ಕನ್ನಡದಲ್ಲಿ ಪರೀಕ್ಷಿಸದೆ ಸ್ವೀಕರಿಸುವುದು, ಅಳತೆ ನೋಡದೆ ಮಾಲು ಇಳಿಸಿಕೊಂಡಂತೆ.

ಆದುದರಿಂದ ಉದ್ಯಮಿ ಬಾಂಧವರು ಕೆಲಸದ ಆದೇಶದಲ್ಲಿಯೇ ಮೂರು ಷರತ್ತುಗಳನ್ನು ಬರೆಸುವುದು ಒಳಿತು. ಒಂದು, ರೂಪದ ನಿಯಮಗಳೆಲ್ಲ ಪ್ರತ್ಯೇಕ ಕಡತದಲ್ಲಿರಬೇಕು. ಎರಡು, ಪ್ರತಿ ಗುಂಡಿ ಮತ್ತು ನಮೂನೆಯನ್ನು ಒತ್ತಕ್ಷರವುಳ್ಳ ಕನ್ನಡ ಪದಗಳಿಂದ ಮೊಬೈಲಿನಲ್ಲಿಯೂ ಪರೀಕ್ಷಿಸಿ ತೋರಿಸಬೇಕು. ಮೂರು, ಅಂತಿಮ ಹಣ ಪಾವತಿಗೆ ಮುನ್ನ ಆ ಕಡತಗಳನ್ನು ಮಾಲೀಕರಿಗೆ ಒಪ್ಪಿಸಬೇಕು. ಹಣ ಕೊಟ್ಟು ಮಾಡಿಸಿದ ಡೈಯನ್ನು ಯಾವ ಉದ್ಯಮಿಯೂ ಪರರ ವಶದಲ್ಲಿ ಬಿಟ್ಟು ನಿಶ್ಚಿಂತೆಯಿಂದ ಇರಲಾರನು. ಜಾಲತಾಣದ ವಿಷಯದಲ್ಲಿಯೂ ಅದೇ ಎಚ್ಚರ ಅವಶ್ಯಕ.