ಬಹಿಷ್ಕಾರಕ್ಕೆ ಮೊದಲು ಓಡುವವರನ್ನು ಕೇಳಿ

ಭಾರತೀಯ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷೆ ಪಿ. ಟಿ. ಉಷಾ ಅವರಿಗೆ,



1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಎಂದರೆ ಭಾರತಕ್ಕೆ ಇಂದಿಗೂ ನೆನಪಾಗುವುದು 400 ಮೀಟರ್ ಹರ್ಡಲ್ಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ನಿಮ್ಮ ಕೈತಪ್ಪಿದ ಕಂಚು. ಆ ಓಟದ ಮೇಲೆ ರಾಜಕೀಯದ ನೆರಳು ಎಷ್ಟು ದಟ್ಟವಾಗಿತ್ತೆಂಬುದು ಅಷ್ಟಾಗಿ ಚರ್ಚೆಯಾಗಿಲ್ಲ. ಅಫ್ಘಾನಿಸ್ತಾನದ ಮೇಲಿನ ಸೋವಿಯತ್ ದಾಳಿಯನ್ನು ಖಂಡಿಸಿ ಅಮೆರಿಕ 1980ರಲ್ಲಿ ಮಾಸ್ಕೋ ಒಲಿಂಪಿಕ್ಸ್‌ಗೆ ಹೋಗಿರಲಿಲ್ಲ. ನಾಲ್ಕು ವರ್ಷಗಳ ನಂತರ ಸೋವಿಯತ್ ಬಣ ಲಾಸ್ ಏಂಜಲೀಸ್‌ಗೆ ಹೋಗದೆ ಸೇಡು ತೀರಿಸಿಕೊಂಡಿತು. ಆ ಜೂನ್‌ನಲ್ಲಷ್ಟೇ 53.58 ಸೆಕೆಂಡ್‌ಗಳ ವಿಶ್ವದಾಖಲೆ ಬರೆದಿದ್ದ ಸೋವಿಯತ್ ಓಟಗಾರ್ತಿ ಮಾರ್ಗರೀಟಾ ಪೊನೊಮರ್ಯೋವಾ ಊರಲ್ಲೇ ಉಳಿಯಬೇಕಾಯಿತು. ಮೊರಾಕ್ಕೊದ ನವಾಲ್ ಎಲ್ ಮುತವಕ್ಕಿಲ್ 54.61 ಸೆಕೆಂಡ್‌ಗಳಲ್ಲಿ ಚಿನ್ನ ಗೆದ್ದರು. ನಿಮಗಿಂತ ಕೂದಲೆಳೆ ಮುಂದೆ ಗೆರೆ ದಾಟಿದ ಕ್ರಿಸ್ಟಿಯಾನಾ ಕೊಜೊಕಾರು ರೊಮೇನಿಯಾದವರು; ವಾರ್ಸಾ ಒಪ್ಪಂದದ ದೇಶಗಳಲ್ಲಿ ಮಾಸ್ಕೋದ ಮಾತು ಮೀರಿ ತಂಡ ಕಳಿಸಿದ್ದು ಅದೊಂದೇ. ಆ ಓಟದಲ್ಲಿ ಯಾರು ಇರಬೇಕು, ಯಾರು ಇರಬಾರದು ಎಂಬುದು ತೀರ್ಮಾನವಾದದ್ದು ಟ್ರ್ಯಾಕಿನ ಮೇಲಲ್ಲ.

ಎರಡು ವರ್ಷಗಳ ಬಳಿಕ ಹೊರಗುಳಿಯುವ ಸರದಿ ನಿಮ್ಮದಾಯಿತು.

ವರ್ಣಭೇದದ ದಕ್ಷಿಣ ಆಫ್ರಿಕಾದ ಮೇಲೆ ಆರ್ಥಿಕ ನಿರ್ಬಂಧ ಹೇರಲು ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಒಪ್ಪಲಿಲ್ಲವೆಂದು 1986ರ ಎಡಿನ್‌ಬರೊ ಕಾಮನ್‌ವೆಲ್ತ್ ಕ್ರೀಡಾಕೂಟದಿಂದ 32 ದೇಶಗಳು ದೂರ ಉಳಿದವು. ಭಾರತವೂ ಅವುಗಳಲ್ಲೊಂದು. ಅದೇ ವರ್ಷದ ಸೋಲ್ ಏಷ್ಯನ್ ಗೇಮ್ಸ್‌ನಲ್ಲಿ ದೇಶಕ್ಕೆ ಬಂದ ಐದು ಚಿನ್ನಗಳಲ್ಲಿ ನಾಲ್ಕರಲ್ಲಿ ನಿಮ್ಮ ಪಾಲಿತ್ತು. ರಿಲೇಯ ಚಿನ್ನದಲ್ಲಿ ಕರ್ನಾಟಕದ ವಂದನಾ ರಾವ್ ಅವರ ಓಟವೂ ಸೇರಿತ್ತು. 1958ರ ಮಿಲ್ಖಾ ಸಿಂಗ್ ನಂತರ ಕಾಮನ್‌ವೆಲ್ತ್ ಅಥ್ಲೆಟಿಕ್ಸ್‌ನಲ್ಲಿ ಭಾರತಕ್ಕೆ ಮತ್ತೆ ಚಿನ್ನ ಸಿಕ್ಕಿದ್ದು 2010ರಲ್ಲಿ, ಕೃಷ್ಣಾ ಪೂನಿಯಾ ಅವರಿಂದ. ನೀವು ಎಡಿನ್‌ಬರೊದಲ್ಲಿ ಗೆದ್ದೇ ಬಿಡುತ್ತಿದ್ದಿರಿ ಎಂದು ಯಾರೂ ಹೇಳಲಾರರು. ಓಡುವ ಅವಕಾಶವೇ ಇರಲಿಲ್ಲ ಎಂಬುದಂತೂ ನಿಜ.

ಹಾಗಂತ ಬಹಿಷ್ಕಾರವೆಲ್ಲ ತಪ್ಪಲ್ಲ. 1974ರ ಡೇವಿಸ್ ಕಪ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾದ ಎದುರು ಆಡಲು ಭಾರತ ನಿರಾಕರಿಸಿತು. ವಿಜಯ್ ಮತ್ತು ಆನಂದ್ ಅಮೃತರಾಜ್ ಸಹೋದರರಿದ್ದ ತಂಡ ಆಡದೆಯೇ ಕಪ್ ಬಿಟ್ಟುಕೊಟ್ಟಿತು. ಭಾರತ ಅದನ್ನು ಇಂದಿಗೂ ಗೆದ್ದಿಲ್ಲ. ಆದರೆ ದಕ್ಷಿಣ ಆಫ್ರಿಕಾದಲ್ಲಿ ಮೈಬಣ್ಣ ನೋಡಿ ತಂಡ ಕಟ್ಟುವ ಪದ್ಧತಿಯಿತ್ತು, ಅನ್ಯಾಯ ಆಟದ ಅಂಗಳದೊಳಗೇ ಇತ್ತು. ಅಂಥ ತ್ಯಾಗಕ್ಕೆ ಅರ್ಥವಿದೆ. ಸರ್ಕಾರಗಳ ಜಗಳಕ್ಕೆ ಓಟಗಾರರನ್ನು ದಾಳವಾಗಿಸಿದ 1980, 1984ರ ಬಹಿಷ್ಕಾರಗಳನ್ನು ಇದರ ಸಾಲಿಗೆ ಸೇರಿಸಲಾಗದು. ಮಾಸ್ಕೋ ಬಹಿಷ್ಕಾರದ ಬಳಿಕವೂ ಸೋವಿಯತ್ ಸೇನೆ ಅಫ್ಘಾನಿಸ್ತಾನ ಬಿಟ್ಟದ್ದು 1989ರಲ್ಲಷ್ಟೇ.

ನಿಮ್ಮ ಸಂಸ್ಥೆಗೂ ಈ ಚಾಳಿ ಹೊಸದಲ್ಲ. ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟ ಶೂಟಿಂಗ್ ಕೈಬಿಟ್ಟಿತೆಂದು 2019ರಲ್ಲಿ ಬಹಿಷ್ಕಾರದ ಮಾತೆತ್ತಿ, ವರ್ಷದ ಕೊನೆಗೆ ಹಿಂದೆ ಸರಿಯಿತು. 2022ರಲ್ಲಿ ಅಲ್ಲಿಂದ ಬಂದದ್ದು 61 ಪದಕ. ಹಟ ಹಿಡಿದಿದ್ದರೆ ಆ ಪದಕ ಗೆದ್ದವರೆಲ್ಲರ ವರ್ಷಗಳ ಬೆವರು ವ್ಯರ್ಥವಾಗುತ್ತಿತ್ತು.

ಆದ್ದರಿಂದ ಎರಡು ನಿಯಮಗಳನ್ನು ಬರವಣಿಗೆಯಲ್ಲಿ ತನ್ನಿ. ಯಾವುದೇ ಬಹಿಷ್ಕಾರಕ್ಕೆ ಮೊದಲು ಅಥ್ಲೀಟ್‌ಗಳ ಆಯೋಗದ ಅಭಿಪ್ರಾಯ ಪಡೆದು ಅದನ್ನು ಬಹಿರಂಗಪಡಿಸಬೇಕು. ಆಯ್ಕೆಯಾಗಿಯೂ ಹೋಗಲಾಗದವರನ್ನು ನೌಕರಿ, ಬಡ್ತಿಯ ಲೆಕ್ಕದಲ್ಲಿ ಭಾಗವಹಿಸಿದವರೆಂದೇ ಪರಿಗಣಿಸುವಂತೆ ಸರ್ಕಾರವನ್ನು ಒಪ್ಪಿಸಬೇಕು. 2030ರಲ್ಲಿ ಕಾಮನ್‌ವೆಲ್ತ್ ಕೂಟ ಅಹಮದಾಬಾದಿಗೆ ಬರಲಿದೆ; ಬೇರೆ ದೇಶಗಳ ಆಟಗಾರರು ತಪ್ಪದೆ ಬರಲಿ ಎಂದು ಅಂದು ಭಾರತವೇ ಕೋರಬೇಕಾಗುತ್ತದೆ. ಅದಕ್ಕೆ ಮೊದಲೇ ಈ ನಿಯಮಗಳು ಜಾರಿಗೆ ಬರಲಿ.

ಇತಿ,
ಕರ್ನಾಟಕದ ಒಬ್ಬ ಕ್ರೀಡಾಭಿಮಾನಿ