ಒಡೆಯನಿಲ್ಲದ ದುಡಿಮೆಗೆ ಕಾನೂನಿನ ಆಸರೆ ಬೇಡವೇ?

ನಮ್ಮ ಬೆಟ್ಟದಪುರದ ಸುತ್ತಮುತ್ತ ಒಬ್ಬ ರೈತ ಹೊಗೆಸೊಪ್ಪು ಬೆಳೆಯಬೇಕಾದರೆ ತಂಬಾಕು ಮಂಡಳಿಯಲ್ಲಿ ಹೆಸರು ನೋಂದಾಯಿಸಿರಬೇಕು. ಅವನ ಬ್ಯಾರನ್‌ಗೆ ಪರವಾನಗಿ ಇರಬೇಕು. ಎಷ್ಟು ಕಿಲೋ ಮಾರಬಹುದೆಂಬುದು ಮೊದಲೇ ನಿಗದಿಯಾಗಿರುತ್ತದೆ. ಹರಾಜು ಕಟ್ಟೆಗೆ ಬಂದ ಪ್ರತಿ ಬೇಲಿಗೂ ಲೆಕ್ಕವಿದೆ. ಇದೇ ಹೋಬಳಿಯಿಂದ ಒಬ್ಬ ಯುವಕ ದುಡಿಯಲೆಂದು ಕಡಲಾಚೆಗೆ ಹೋದರೆ ಅವನು ಎಲ್ಲಿ ಹೋದ, ಯಾರ ಬಳಿ ಇದ್ದಾನೆ ಎಂಬುದಕ್ಕೆ ತಾಲ್ಲೂಕು ಕಚೇರಿಯಲ್ಲಿ ಒಂದು ಸಾಲಿನ ದಾಖಲೆಯೂ ಸಿಗದು. ಸೊಪ್ಪಿಗಿರುವ ಲೆಕ್ಕ ಮನುಷ್ಯನಿಗಿಲ್ಲ.

ಇದು ಬರಿಯ ಮಾತಿನ ಚಮತ್ಕಾರವಲ್ಲ ಎಂಬುದು 2023ರ ಏಪ್ರಿಲ್‌ನಲ್ಲಿ ಸ್ಪಷ್ಟವಾಯಿತು. ಆ ತಿಂಗಳ 15ರಂದು ಸುಡಾನ್‌ನಲ್ಲಿ ಸೇನೆ ಹಾಗೂ ಅರೆಸೇನಾ ಪಡೆಯ ನಡುವೆ ಯುದ್ಧ ಭುಗಿಲೆದ್ದಾಗ, ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರು ಅಲ್ಲಿ ಸಿಲುಕಿದ್ದಾರೆಂಬ ಸುದ್ದಿ ಬಂತು. ಮೂರು ದಿನಗಳ ಬಳಿಕ, ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರು 31 ಮಂದಿಯ ವಿಷಯವನ್ನು ಜಾಲತಾಣದಲ್ಲಿ ಪ್ರಸ್ತಾಪಿಸಿದರು. ವಿದೇಶಾಂಗ ಸಚಿವ ಜೈಶಂಕರ್ ಅವರು ಖಾರವಾಗಿಯೇ ಉತ್ತರಿಸಿದರು. ಚುನಾವಣೆಯ ಕಾಲ; ವಾಗ್ವಾದವೇ ದೊಡ್ಡ ಸುದ್ದಿಯಾಯಿತು. ಅದರ ನಡುವೆ ಒಂದು ಸಂಗತಿ ಮರೆಯಾಯಿತು. ಅಲ್ಲಿ ನಮ್ಮವರು ಒಟ್ಟು ಎಷ್ಟು ಮಂದಿ ಇದ್ದಾರೆಂಬುದು ರಾಜ್ಯಕ್ಕೂ ಗೊತ್ತಿರಲಿಲ್ಲ, ಕೇಂದ್ರಕ್ಕೂ ಗೊತ್ತಿರಲಿಲ್ಲ. ದಿನಕ್ಕೊಂದು ಸಂಖ್ಯೆ ಕೇಳಿಬರುತ್ತಿತ್ತು.

ಮುಂದೆ ಕೇಂದ್ರ ಸರ್ಕಾರ 'ಆಪರೇಷನ್ ಕಾವೇರಿ' ನಡೆಸಿ 3,862 ಜನರನ್ನು ಸುಡಾನ್‌ನಿಂದ ಪಾರುಮಾಡಿತು. ನಮ್ಮ ಪಿರಿಯಾಪಟ್ಟಣ, ಕೆ.ಆರ್.ನಗರ ತಾಲ್ಲೂಕುಗಳನ್ನು ಹಾದುಹೋಗುವ ನದಿಯ ಹೆಸರಿನ ಆ ಕಾರ್ಯಾಚರಣೆ ಶ್ಲಾಘನೀಯ; ಅದಕ್ಕಾಗಿ ಶ್ರಮಿಸಿದ ಅಧಿಕಾರಿಗಳಿಗೆ ನಮಸ್ಕಾರ ಸಲ್ಲಬೇಕು. ನಮ್ಮವರು ಸಿಲುಕಿದ್ದ ಎಲ್ ಫಾಶರ್ ನಗರ 2025ರ ಅಕ್ಟೋಬರ್‌ನಲ್ಲಿ ಅರೆಸೇನಾ ಪಡೆಯ ವಶವಾಗಿ, ಅಲ್ಲಿ ಸಾಮೂಹಿಕ ಕಗ್ಗೊಲೆ ನಡೆಯಿತೆಂಬುದನ್ನು ನೆನೆದರೆ, ಎಂಥ ಕಂಟಕ ತಪ್ಪಿತೆಂಬುದು ಅರಿವಾಗುತ್ತದೆ. ಆದರೆ ಬೆಂಕಿ ಆರಿಸಿದ ಮಾತ್ರಕ್ಕೆ ಮನೆ ಭದ್ರವಾಯಿತೆಂದು ಹೇಳಲಾಗದು.

ಹಕ್ಕಿಪಿಕ್ಕಿಗಳು ನಮಗೆ ದೂರದವರಲ್ಲ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರ ಅವರ ದೊಡ್ಡ ನೆಲೆಗಳಲ್ಲೊಂದು. ಹೆಸರೇ ಹೇಳುವಂತೆ ಹಕ್ಕಿ ಹಿಡಿಯುವುದು ಅವರ ಕುಲಕಸುಬಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧವಾಯಿತು. ಕಸುಬನ್ನು ಕಿತ್ತುಕೊಂಡ ಸರ್ಕಾರ ಬೇರೆ ಕಸುಬನ್ನು ಧಾರಾಳವಾಗಿ ಕೊಡಲಿಲ್ಲ. ಅವರೇ ಗಿಡಮೂಲಿಕೆ, ತಲೆಗೂದಲಿನ ಎಣ್ಣೆಗಳ ವ್ಯಾಪಾರ ಹಿಡಿದು, ಊರೂರು ಸುತ್ತಿ, ಕೊನೆಗೆ ಆಫ್ರಿಕಾದ ದೇಶಗಳವರೆಗೂ ಹೋದರು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇದಕ್ಕಿಂತ ದೊಡ್ಡ ಉದ್ಯಮಶೀಲತೆಯ ಉದಾಹರಣೆ ನಮ್ಮ ಜಿಲ್ಲೆಯಲ್ಲಿ ಸುಲಭವಾಗಿ ಹೊಳೆಯುವುದಿಲ್ಲ.

ಹಾಗಾದರೆ ಕಾನೂನಿನ ಕಣ್ಣಿಗೆ ಅವರು ಬೀಳದಿದ್ದುದು ಏಕೆ? ಉತ್ತರ 1983ರ ವಲಸೆ ಕಾಯ್ದೆಯ ರಚನೆಯಲ್ಲಿದೆ. ಹೊರದೇಶದಲ್ಲಿ ಉದ್ಯೋಗ ಹಿಡಿಯಲು ಹೋಗುವವನೇ ಅದರ ಪ್ರಕಾರ ವಲಸಿಗ. ಹತ್ತನೆಯ ತರಗತಿ ದಾಟದವರು ಸುಡಾನ್ ಸೇರಿದಂತೆ ಪಟ್ಟಿಮಾಡಿದ ಹದಿನೆಂಟು ದೇಶಗಳಿಗೆ ಕೆಲಸಕ್ಕೆ ಹೋಗುವ ಮುನ್ನ ವಲಸಿಗರ ರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಕೆಲಸ ಕೊಡುವವನ ಕರಾರುಪತ್ರ ಪರಿಶೀಲನೆಯಾಗುತ್ತದೆ. 'ಪ್ರವಾಸಿ ಭಾರತೀಯ ಬಿಮಾ ಯೋಜನೆ'ಯಡಿ ಎರಡು ವರ್ಷಕ್ಕೆ 275 ರೂಪಾಯಿ ಕಂತಿಗೆ 10 ಲಕ್ಷ ರೂಪಾಯಿಯ ವಿಮೆ ದೊರೆಯುತ್ತದೆ. ಇವೆಲ್ಲ ಒಳ್ಳೆಯ ವ್ಯವಸ್ಥೆಗಳೇ. ಆದರೆ ಇವೆಲ್ಲವೂ ಉದ್ಯೋಗದಾತ ಎಂಬ ಗೂಟಕ್ಕೆ ಕಟ್ಟಿದ ಹಗ್ಗಗಳು. ತನ್ನ ಎಣ್ಣೆಯನ್ನು ತಾನೇ ಮಾರುವವನಿಗೆ ಒಡೆಯನಿಲ್ಲ. ಆದ್ದರಿಂದ ಅವನಿಗೆ ಕರಾರಿಲ್ಲ, ನೋಂದಣಿಯಿಲ್ಲ, ವಿಮೆಯೂ ಇಲ್ಲ.

ಕಾನೂನಿನಿಂದ ಜಾರುವವರು ಇವರಷ್ಟೇ ಅಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಹೋಬಳಿಯ ರೈತರೊಬ್ಬರು ಮಗನನ್ನು ಕರೆದುಕೊಂಡು ನನ್ನ ಮನೆಗೆ ಬಂದರು. ಹುಡುಗ ಐಟಿಐ ಮುಗಿಸಿದ್ದ. ಹೊಗೆಸೊಪ್ಪಿನ ಹಣಕ್ಕೆ ಸಾಲವನ್ನೂ ಸೇರಿಸಿ ಒಬ್ಬ ಏಜೆಂಟನಿಗೆ ಒಂದೂವರೆ ಲಕ್ಷ ಕೊಟ್ಟಾಗಿತ್ತು. ಕಾಗದಗಳನ್ನು ನೋಡಿದೆ. ಅದು ಕೊಲ್ಲಿ ದೇಶವೊಂದರ ಅರುವತ್ತು ದಿನಗಳ ಭೇಟಿ ವೀಸಾ. ಕೆಲಸದ ಪರವಾನಗಿ ಎಲ್ಲಿ ಎಂದೆ. 'ಅಲ್ಲಿಗೋದ ಮೇಲೆ ಮಾಡಿಸ್ಕೊಡ್ತಾರಂತೆ ಸಾರ್' ಎಂದ ಹುಡುಗ. ಹೋಗುವುದು ಬೇಡವೆಂದೆ. 'ದುಡ್ಡು ಕೊಟ್ಟಾಗದೆ, ಈಗ ಬ್ಯಾಡ ಅಂದ್ರೆ ಹೆಂಗೆ ಸಾರ್?' ಎಂದರು ತಂದೆ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗ ಹೋದ, ಉಗ್ರಾಣವೊಂದರಲ್ಲಿ ಎರಡು ತಿಂಗಳು ದುಡಿದು, ಸಂಬಳವಿಲ್ಲದೆ ಮರಳಿದ. ಪರವಾನಗಿಯಿಲ್ಲದೆ ದುಡಿದಿದ್ದರಿಂದ ಅಲ್ಲಿ ದೂರು ಕೊಡಲು ಅವನಿಗೆ ಧೈರ್ಯ ಬರಲಿಲ್ಲ.

ಇಲ್ಲಿನ ವಿಪರ್ಯಾಸವನ್ನು ಗಮನಿಸಬೇಕು. ಹತ್ತನೆಯ ತರಗತಿ ತೇರ್ಗಡೆಯಾದವನಿಗೆ ವಲಸೆ ಅನುಮತಿಯ ಅಗತ್ಯವೇ ಇಲ್ಲ. ಓದಿದವನು ತನ್ನನ್ನು ತಾನೇ ಕಾಪಾಡಿಕೊಳ್ಳುತ್ತಾನೆಂಬ ಊಹೆ ಕಾನೂನಿನದು. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾಶುಲ್ಕ, ತೆರಿಗೆ ಬಿಟ್ಟು, 30 ಸಾವಿರ ರೂಪಾಯಿ ಮೀರುವಂತಿಲ್ಲವೆಂಬುದು ಆ ತಂದೆಗೂ ಮಗನಿಗೂ ತಿಳಿದಿರಲಿಲ್ಲ. ಏಜೆಂಟ್ ನೋಂದಾಯಿತನೇ ಎಂದು ವಿಚಾರಿಸಬೇಕೆಂದೂ ಅವರಿಗೆ ಹೊಳೆದಿರಲಿಲ್ಲ.

ಹೊರದೇಶದ ಕಾನೂನುಗಳು ಎಲ್ಲ ಕಡೆಯೂ ನಿರ್ದಯವಾಗಿವೆ ಎಂದೇನೂ ಅಲ್ಲ. ಸಿಂಗಪುರದಲ್ಲಿ ಮಲೇಷ್ಯಾದವರಲ್ಲದ ಪ್ರತಿ ಪರವಾನಗಿ ಕಾರ್ಮಿಕನಿಗಾಗಿ ಉದ್ಯೋಗದಾತ 5,000 ಸಿಂಗಪುರ ಡಾಲರಿನ ಭದ್ರತಾ ಮುಚ್ಚಳಿಕೆ ನೀಡಬೇಕು. ವೈದ್ಯಕೀಯ ವಿಮೆ ಮಾಡಿಸಬೇಕು, ಹಿಂದಿರುಗುವ ವೆಚ್ಚ ಭರಿಸಬೇಕು. ತಾನು ತೆರುವ ಸುಂಕವನ್ನು ಕಾರ್ಮಿಕನ ಸಂಬಳದಲ್ಲಿ ಮುರಿದುಕೊಳ್ಳುವಂತಿಲ್ಲ. ಸಂಯುಕ್ತ ಅರಬ್ ಎಮಿರೇಟ್ಸ್‌ನ 2021ರ ಕಾರ್ಮಿಕ ಕಾನೂನು ನೇಮಕದ ವೆಚ್ಚವನ್ನು ನೌಕರನಿಂದ ವಸೂಲು ಮಾಡುವುದನ್ನು ನಿಷೇಧಿಸಿದೆ. ಪರವಾನಗಿಯಿಲ್ಲದೆ ದುಡಿಸಿಕೊಳ್ಳುವವರಿಗೆ ದಂಡವನ್ನು 2024ರಲ್ಲಿ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್‌ಹಮ್‌ವರೆಗೆ ಏರಿಸಲಾಯಿತು. ಈ ರಕ್ಷಣೆಯೆಲ್ಲ ಪರವಾನಗಿ ಎಂಬ ಬಾಗಿಲ ಒಳಗಿದೆ. ನಮ್ಮ ಹುಡುಗರನ್ನು ಹಿತ್ತಿಲ ಗೋಡೆ ಹಾರಿಸುವ ದಲ್ಲಾಳಿಗಳು ಇರುವುದು ನಮ್ಮ ಊರುಗಳಲ್ಲೇ. ಆದ್ದರಿಂದ ಮದ್ದನ್ನೂ ಇಲ್ಲಿಯೇ ಅರೆಯಬೇಕು.

ಎಲ್ಲರೂ ಅನುಮತಿ ಪಡೆದೇ ಹೋಗಲಿ ಎಂದು ಕಟ್ಟಪ್ಪಣೆ ಮಾಡಬಹುದಲ್ಲ ಎಂದು ಕೆಲವರು ಕೇಳಬಹುದು. ಮೂರು ದಶಕ ಸರ್ಕಾರಿ ಕುರ್ಚಿಯಲ್ಲಿ ಕುಳಿತ ನಾನು ಅದಕ್ಕೆ ಒಪ್ಪಲಾರೆ. ಅನುಮತಿ ಎಂಬುದಿದ್ದಲ್ಲಿ ಮೇಜಿನ ಕೆಳಗಿನ ಕೈಯೂ ಇರುತ್ತದೆ. ನಿಷೇಧ ಹೆಚ್ಚಿದಷ್ಟೂ ಕಳ್ಳದಾರಿಯ ದರ ಏರುತ್ತದೆ. ಬೇಟೆಯನ್ನು ನಿಷೇಧಿಸಿ ಕೈತೊಳೆದುಕೊಂಡಂತೆ ಈ ವ್ಯಾಪಾರವನ್ನೂ ನಿಷೇಧಿಸಿದರೆ ಹಕ್ಕಿಪಿಕ್ಕಿಗಳಿಗೆ ಎರಡನೆಯ ಬಾರಿ ಅನ್ಯಾಯ ಮಾಡಿದಂತಾಗುತ್ತದೆ.

ಬೇಕಿರುವುದು ಸರಳ ಕ್ರಮಗಳು. ಯಾವ ವೀಸಾದ ಮೇಲೆ, ಯಾವ ಕಾರಣಕ್ಕೆ ಹೋಗುವವರೇ ಆಗಲಿ, ಗ್ರಾಮ ಒನ್ ಕೇಂದ್ರದಲ್ಲಿ ಶುಲ್ಕವಿಲ್ಲದೆ ಹೆಸರು, ಹೋಗುವ ದೇಶ, ಮನೆಯವರ ದೂರವಾಣಿ ಸಂಖ್ಯೆ ದಾಖಲಿಸುವಂತಾಗಲಿ. ಅದು ಅನುಮತಿಯ ಅರ್ಜಿಯಾಗದೆ ಕೇವಲ ತಿಳಿವಳಿಕೆಯಾಗಿರಲಿ. ಹಾಗೆ ದಾಖಲಿಸಿದ ಎಲ್ಲರಿಗೂ, ಸ್ವಂತ ವ್ಯಾಪಾರದವರಿಗೂ ಹತ್ತನೆಯ ತರಗತಿ ದಾಟಿದವರಿಗೂ, ಮೇಲೆ ಹೇಳಿದ ವಿಮೆ ವಿಸ್ತರಿಸಲಿ. ದಲ್ಲಾಳಿಗೆ ಹಣ ಕೊಡುವ ಮುನ್ನ ಕೆಲಸದ ಪರವಾನಗಿ ಅಸಲಿಯೇ ಎಂದು ಪರಿಶೀಲಿಸಿ ಹೇಳುವ ಒಬ್ಬ ಅಧಿಕಾರಿ ಜಿಲ್ಲಾಧಿಕಾರಿ ಕಚೇರಿಯಲ್ಲಿರಲಿ. ಕೇರಳ 1996ರಲ್ಲೇ ಅನಿವಾಸಿ ಕೇರಳೀಯರಿಗಾಗಿ 'ನೋರ್ಕಾ' ಇಲಾಖೆ ಸ್ಥಾಪಿಸಿತು. ನೆರೆಯವರಿಂದ ಕಲಿಯಲು ಸಂಕೋಚವೇಕೆ? 1983ರ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆ ತರಲು 2021ರಲ್ಲೊಂದು, 2025ರಲ್ಲೊಂದು ಕರಡು ಮಸೂದೆ ಸಾರ್ವಜನಿಕ ಚರ್ಚೆಗೆ ಪ್ರಕಟವಾದವು. ಒಡೆಯನಿಲ್ಲದೆ ದುಡಿಯುವವನನ್ನೂ ಹೆಸರಿಸಿ ಒಳಗೊಳ್ಳುವ ಕಾಯ್ದೆಗಾಗಿ ನಮ್ಮ ಸಂಸದರು ದನಿಯೆತ್ತಬೇಕು.

ಕೊನೆಗೊಂದು ತಪ್ಪೊಪ್ಪಿಗೆ. ಸೇವೆಯಲ್ಲಿದ್ದಾಗ ಪಾಸ್‌ಪೋರ್ಟಿಗೆಂದು ಬಂದವರ ಎಷ್ಟೋ ದಾಖಲೆಗಳಿಗೆ ನಾನು ಸಹಿ ಮಾಡಿದ್ದೇನೆ. 'ಎಲ್ಲಿಗಪ್ಪಾ ಹೋಗ್ತೀಯ?' ಎಂದು ಒಬ್ಬರನ್ನೂ ಕೇಳಿದ ನೆನಪಿಲ್ಲ. ನಿಯಮದಲ್ಲಿ ಆ ಪ್ರಶ್ನೆ ಇರಲಿಲ್ಲ. ಊರಿನಲ್ಲಿ ಹೊರಟುನಿಂತವರನ್ನು ನೆಂಟರು ಮೊದಲು ಕೇಳುವ ಪ್ರಶ್ನೆಯೇ ಅದು. ಸರ್ಕಾರವೂ ಅದನ್ನು ಕೇಳಲು ಕಲಿಯಲಿ.